ದಾರಂದದಲ್ಲಿ ನಿಂತವನು

ಅಜ್ಮಾನಿನ ಕಾರ್ಮಿಕ ನ್ಯಾಯಾಲಯದಲ್ಲಿ ನಾನು ಬಾಡಿಗೆಯ ನಾಲಿಗೆ,
ಭಟ್ಕಳದವನು, ಗಂಟೆಗಿಷ್ಟು ದಿರ್ಹಮು.
ಇವತ್ತಿನ ಕಡತ ಮಧ್ಯಾಹ್ನದ ನಿಷೇಧದ್ದು.
ಬೇಸಗೆಯಲ್ಲಿ ಹನ್ನೆರಡೂವರೆಯಿಂದ ಮೂರರ ತನಕ
ಬಯಲಲ್ಲಿ ಯಾರನ್ನೂ ದುಡಿಸಕೂಡದು.
ಒಳ್ಳೆಯ ಕಾನೂನು. ಒಂದೇ ಸಾಲು.
ಸಾಲಿನೊಳಗೊಂದು ಪದ: ಬಯಲು.

ಹುಲಿಗೆಪ್ಪ, ಕುಷ್ಟಗಿ ಕಡೆಯ ಬಡಗಿ,
ಹನ್ನೆರಡು ಐವತ್ತಕ್ಕೆ ದಾರಂದ ಕೂರಿಸುತ್ತಿದ್ದ.
ಗೋಡೆ ಮೂರು ಎದ್ದಿದ್ದವು, ನಾಲ್ಕನೆಯದು ಸೊಂಟದ ತನಕ.
ಮೇಲೆ ಅರ್ಧ ಸ್ಲ್ಯಾಬು, ಇನ್ನರ್ಧ ಹಸಿರು ಬಲೆ,
ಬಲೆಯ ಕಣ್ಣಿಂದ ಬಿಸಿಲು
ಜರಡಿ ಹಿಡಿದ ಹಿಟ್ಟಿನ ಹಾಗೆ ಅವನ ಬೆನ್ನ ಮೇಲೆ.
ಇನ್‌ಸ್ಪೆಕ್ಟರ್ ತೆಗೆದ ಫೋಟೋದಲ್ಲಿ
ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ.
ದಂಡ ಬಿದ್ದದ್ದು ಕಂಪನಿಗೆ. ಇವನು ಬರೀ ಸಾಕ್ಷಿ.

ಕಂಪನಿಯ ವಕೀಲ ಎದ್ದ, ಇಸ್ತ್ರಿಯ ಗೆರೆಯಂಥ ಮಾತು.
ಸೂರಿಲ್ಲದಿದ್ದರೆ ಬಯಲೆ? ಹಾಗಾದರೆ ನಮ್ಮಜ್ಜನ ಮನೆಯ ಅಂಗಳ ಬಯಲು.
ಗೋಡೆಯಿಲ್ಲದಿದ್ದರೆ ಬಯಲೆ? ಹಾಗಾದರೆ ಹಳೆಯ ಮೀನುಪೇಟೆ ಬಯಲು.
ನೆರಳಿದ್ದರೆ ಒಳಗು ಅನ್ನೋಣವೆ?
ಮೋಡಕ್ಕೂ ನೆರಳಿದೆ, ಕ್ರೇನಿಗೂ ಇದೆ,
ಈ ಕೆಲಸಗಾರನಿಗೇ ಒಂದು ಇದೆ.
ಯಾರೋ ನಕ್ಕರು. ನಗುವನ್ನು ನಾನು ಅನುವಾದಿಸಲಿಲ್ಲ.

ಎಷ್ಟನೆಯ ಇಟ್ಟಿಗೆಗೆ ಒಳಗು ಹುಟ್ಟುತ್ತದೆ?
ನಿನ್ನೆ ತಿಂದ ಖರ್ಜೂರ ನೆನಪಾಯಿತು:
ತುದಿ ಕಂದು, ಮೆತ್ತಗೆ,
ತೊಟ್ಟಿನ ಕಡೆ ಇನ್ನೂ ಹಳದಿ, ಕುರುಂ ಕುರುಂ.
ಮಾರುವವನು ಅದಕ್ಕೂ ಹೆಸರಿಟ್ಟಿದ್ದಾನೆ, ಬೆಲೆಯನ್ನೂ.
ತೀರ್ಪು ಬರೆಯುವವರಿಗೆ
ಎರಡೇ ಬುಟ್ಟಿ.

ನ್ಯಾಯಾಧೀಶರು ಕೇಳಿದರು, ನೀನೆಲ್ಲಿದ್ದೆ?
"ಹೊಸ್ತಿಲ ಮ್ಯಾಲ ನಿಂತಿದ್ನಿರಿ.
ತಪ್ಪಾತ್ರಿ. ಹೊಸ್ತಿಲ ಮ್ಯಾಲ ನಿಂದರಬಾರದು ಅಂತಿದ್ಲು ನಮ್ಮವ್ವ."
ಅತಬಾ, ಅಂದೆ ಅರಬ್ಬಿಯಲ್ಲಿ. ಪದ ದಾಟಿತು.
ಅದಕ್ಕೆ ಹಚ್ಚಿದ ಅರಿಸಿನ ದಾಟಲಿಲ್ಲ.
ಅದರ ಮೇಲೆ ಮುಸ್ಸಂಜೆಗೆ ಕರುಳು ಬಗೆಸಿಕೊಂಡ ದೊರೆ ದಾಟಲಿಲ್ಲ,
ಎಲ್ಲ ಷರತ್ತೂ ಹಾಕಿ ವರ ಪಡೆದವನು,
ಒಳಗೂ ಅಲ್ಲ ಹೊರಗೂ ಅಲ್ಲ ಎಂಬಲ್ಲಿ ಸಿಕ್ಕಿಬಿದ್ದವನು.
ಇಶಾ ಮುಗಿಸಿ, ಮನೆಗೆ ಹೇಳದೆ,
ಗದ್ದೆಯ ಆಟದಲ್ಲಿ ನೋಡಿದ್ದೆ ನಾನೂ.

ಇನ್ನು "ತಪ್ಪಾತ್ರಿ".
ಹೇಳಿದರೆ ತಪ್ಪೊಪ್ಪಿಗೆ, ವಕೀಲನ ಪೆನ್ನು ಆಗಲೇ ಬಾಯಿ ತೆರೆದಿದೆ.
ಬಿಟ್ಟರೆ, ಆಣೆ ಮಾಡಿದ ನಾಲಿಗೆ ಇದು.
ತಪ್ಪು ಅವ್ವನ ಕಾನೂನಿನದು, ಇವರದಲ್ಲ.
ಉಗುಳು ನುಂಗಿ ಪೂರಾ ಹೇಳಿದೆ, ಅವ್ವನನ್ನೂ ಸೇರಿಸಿ.
ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು.

ವಿಚಾರಣೆ ಮುಂದಕ್ಕೆ. ಸ್ಥಳ ನೋಡಲು ತಜ್ಞರು ಹೋಗಬೇಕಂತೆ.
ಅಷ್ಟರಲ್ಲಿ ಸೂರು ಮುಗಿದು, ಎಸಿ ಕೂತು,
ಒಳಗು ಎಂಬುದರಲ್ಲಿ ಸಂಶಯವೇ ಉಳಿದಿರುವುದಿಲ್ಲ.

ಮುಂದಿನ ಕಡತಕ್ಕೆ ಮೂರು ನಿಮಿಷ.
ಹದಿನಾಲ್ಕು ಜನ, ಒಂಬತ್ತು ತಿಂಗಳ ಸಂಬಳ.
ಕೊಡಬೇಕೆ? ಕೊಡಬೇಕು. ಯಾರೂ ವಾದಿಸಲಿಲ್ಲ.
ಮಾಲೀಕ ದೇಶ ಬಿಟ್ಟಿದ್ದಾನೆ, ಖಾತೆ ಖಾಲಿ.
ಇಲ್ಲಿ ಅರ್ಧ ಸೂರಿಲ್ಲ, ಬಲೆಯಿಲ್ಲ,
ಬಟ್ಟಬಯಲು.
ಒಂದು ಪದದ ಅಂಚಿನಲ್ಲಿ ಬೆಳಗಿಡೀ ಬೆವರಿದವರಿಗೆ
ಇದನ್ನು ಕೇಳಲು ಒಂದು ಪ್ರಶ್ನೆಯೂ ಹೊಳೆಯಲಿಲ್ಲ.
ಹದಿನಾಲ್ಕು ಜನರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

ಹೊರಡುವಾಗ ಹುಲಿಗೆಪ್ಪ ಗಾಜಿನ ಬಾಗಿಲಲ್ಲಿ ತಡೆದು ನಿಂತ.
ಬಾಗಿಲು ತೆರೆಯಿತು, ಮುಚ್ಚಹೋಯಿತು,
ಅವನನ್ನು ಕಂಡು ಮತ್ತೆ ತೆರೆಯಿತು.
ಬೆನ್ನಿಗೆ ಎಸಿ, ಮುಖಕ್ಕೆ ಕುಲುಮೆ.
"ಇದಕ್ಕೂ ತಿಳೀವಲ್ದು ನೋಡ್ರಿ," ಅಂದ.
ಗಂಟೆ ಎರಡೂವರೆ.
ಕಾವಲಿನವನು ಕೈ ಬೀಸಿದ, ಬಾ, ಇಲ್ಲವೆ ಹೋಗು.
ಹುಲಿಗೆಪ್ಪ ಕೆಳಗೆ ನೋಡಿದ. ಹೊಸ್ತಿಲಿರಲಿಲ್ಲ,
ಒಂದು ಅಲ್ಯುಮಿನಿಯಂ ಪಟ್ಟಿ.
ಅದನ್ನು ಮೆಟ್ಟದೆ, ಬಲಗಾಲಿಟ್ಟು ದಾಟಿದ.